ಅಮ್ಮ ಮನೆಯಲ್ಲಿದ್ದಾಗ

“ಅಲ್ಲೇ ನಿಲ್ಲಿ, ನರ್ಸಮ್ಮ. ಒಳಗೆ ಬರಬೇಡಿ.”

ಕದಿರೇಶ ಹೊಸ್ತಿಲಿಗೆ ಅಡ್ಡ ನಿಂತಿದ್ದ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಮೈಮೇಲೆ ದದ್ದು ಎಬ್ಬಿಸುವ ದೇವತೆ ‘ಅಮ್ಮ’ ಮನೆಗೆ ಬಂದಿದ್ದಾಳೆ ಎಂಬ ಗುರುತು ಅದು. ನರ್ಸ್ ಅಂಜಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ಅದು ೧೯೮೬. ದೇವರಾಯಸಮುದ್ರದಲ್ಲಿ ಮಕ್ಕಳಿಗೆ ದಡಾರದ ಚುಚ್ಚುಮದ್ದು ಶುರುವಾದ ಹೊಸತು. ಹೋದ ವಾರ ಶಾಲೆಯ ಜಗಲಿಯಲ್ಲಿ ಅಕ್ಕನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವನು ಇದೇ ಕದಿರೇಶ. ಮಗು ಅತ್ತಾಗ ಇವನ ಕಣ್ಣೂ ತುಂಬಿತ್ತು. ಅಷ್ಟು ದೊಡ್ಡ ಮೀಸೆಯವನು! ಅಂಜಮ್ಮ ನಕ್ಕಿದ್ದಳು, ಅವನೂ ನಕ್ಕಿದ್ದ. ಆಮೇಲೆ ಅವಳಿಗೆ ಊಟದ ಮೇಲೆ ಗಮನವೇ ಇರಲಿಲ್ಲ.

ಈಗ ಮಗುವಿಗೆ ಜ್ವರ, ಮೈಮೇಲೆ ದದ್ದು.

“ಅಯ್ಯೋ ದೇವುಡಾ, ಸೂಜಿ ಹಾಕಿದ್ದಕ್ಕೇ ಅಮ್ಮ ಬಂದವ್ಳೆ,” ಒಳಗಿಂದ ಅವನ ತಾಯಿ ಅಶ್ವತ್ಥಮ್ಮ ಕೂಗಿದರು.

“ಸೂಜಿ ಹಾಕಿದ ಒಂದು ವಾರಕ್ಕೆ ಕೆಲವು ಮಕ್ಕಳಿಗೆ ಹಿಂಗಾಗುತ್ತೆ, ಅಜ್ಜಿ. ತಾನೇ ಇಳಿಯುತ್ತೆ. ಹೇಳಿದ್ರೆ ಹೆದರ್ಕೊಂಡು ಯಾರೂ ಬರಲ್ಲ ಅಂತ ನಾನು ಮೊದಲೇ ಹೇಳ್ಲಿಲ್ಲ. ನಂದೇ ತಪ್ಪು.”

ಕದಿರೇಶ ಮುಖ ತಿರುಗಿಸಿ ಬಾಗಿಲು ಮುಂದೆ ಮಾಡಿದ.

ಸೂಜಿ ಹಾಕಿಸಿಕೊಂಡ ಮಕ್ಕಳು ಹೇಗಿದ್ದಾರೆಂದು ವಿಚಾರಿಸಿ ಡಾಕ್ಟರಿಗೆ ತಿಳಿಸುವುದೂ ಅವಳ ಕೆಲಸವೇ. ದಿನಾ ಬಂದು ಜಗಲಿಯ ಕೆಳಗೆ ನಿಂತಳು.

“ಜ್ವರ?”

“ಇದೆ.”

“ಹಾಲು ಕುಡೀತಾ?”

“ಕುಡೀತು.”

ಅದರ ಮೇಲೆ ಒಂದು ಮಾತಿಲ್ಲ, ಮುಖ ಎತ್ತಿ ನೋಡುವುದೂ ಇಲ್ಲ.

ಇಷ್ಟು ಕೋಪವಾ... ಮಗುವಿಗೆ ಹೆಚ್ಚುಕಡಿಮೆಯಾದರೆ ಇವರು ನನ್ನನ್ನು ಕ್ಷಮಿಸುತ್ತಾರಾ? ಬಸ್ಸಿನಲ್ಲಿ ಕೂತು ಅಂಜಮ್ಮ ಕಣ್ಣೊರೆಸಿಕೊಂಡಳು. ಬೇರೆ ಊರಿಗೆ ವರ್ಗ ಕೇಳೋಣ ಎಂದೂ ಅನ್ನಿಸಿತು. ಮುಂದಿನ ಸಲ ಚುಚ್ಚುಮದ್ದು ಹಾಕುವಾಗ ಪ್ರತಿ ತಾಯಿಗೂ ಜ್ವರದ ವಿಷಯ ಮೊದಲೇ ಹೇಳಿದಳು. ಇಬ್ಬರು ಎದ್ದು ಹೋದರು, ಉಳಿದವರು ಕೂತರು.

ಕೊನೆಗೂ ಮಗುವಿನ ಜ್ವರ ಇಳಿಯಿತು, ದದ್ದು ಮಾಸಿತು. ಅಶ್ವತ್ಥಮ್ಮ ಮಗುವಿಗೆ ಬೇವಿನ ನೀರು ಹಾಕಿ, ಅಮ್ಮನನ್ನು ಕಳಿಸಿಕೊಟ್ಟು, ಬಾಗಿಲ ಸೊಪ್ಪು ತೆಗೆದರು.

ಆ ಶನಿವಾರ ಅಂಜಮ್ಮ ತನ್ನೂರು ಮಾಸ್ತಿಗೆ ಹೊರಟು, ಕೋಲಾರದ ಬಸ್ಸಿಗೆ ಕಾಯುತ್ತಿದ್ದಳು. ಕದಿರೇಶ ಒಗೆದ ಅಂಗಿ ಹಾಕಿಕೊಂಡು ಬಂದ.

“ಮಗು ಆಟ ಆಡ್ತಾ ಇದೆ.”

“ಸಂತೋಷ. ಇನ್ನು ನಿಮ್ಮ ಮನೆಗೆ ಬರೋ ಕೆಲಸ ಇಲ್ಲ ನಂಗೆ.”

“ಯಾಕೆ?”

“ನನ್ನ ಕಂಡ್ರೆ ನಿಮಗಾಗಲ್ವಲ್ಲ. ಇಷ್ಟು ದಿನ ನೆಟ್ಟಗೆ ಒಂದು ಮಾತಾಡಿದ್ರಾ?”

ಅವನಿಗೆ ನಗು ಬಂತು. “ಅಮ್ಮ ಮನೇಲಿದ್ದಾಗ ಮದುವೆ ಮಾತು ಎತ್ತಬಾರದು ಕಣ್ರೀ. ಬಾಯಿ ಬಿಟ್ರೆ ಅದೇ ಬಂದ್ಬಿಡುತ್ತೆ ಅಂತ ಸುಮ್ಮನಿದ್ದೆ.”

ಅಂಜಮ್ಮ ಕೈಯಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡಳು.

“ಯಾರ ಮದುವೆ?”

“ನಮ್ಮದು. ನಿಮ್ಮಪ್ಪನ್ನ ಕೇಳೋಕೆ ನಾನೂ ಮಾಸ್ತಿಗೆ ಬರ್ತೀನಿ.”

“ಮೊದಲು ನನ್ನ ಕೇಳಿ.”

“ಕೇಳ್ತಾ ಇದೀನಲ್ಲ...”

ಬಸ್ಸು ಬಂತು. ಅವಳು ಹತ್ತಿ ಕೂತು, ಪಕ್ಕದ ಸೀಟಿನಿಂದ ತನ್ನ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ಬನ್ನಿ, ಕೂತ್ಕೊಳ್ಳಿ. ನಮ್ಮಪ್ಪಂಗೆ ಕಿವಿ ಮಂದ. ಜೋರಾಗಿ ಕೇಳ್ಬೇಕು.”