ಎರಡನೆಯ ಕುರ್ರ್

ಮರುಮಿಡಿತ ಯಂತ್ರ ಕೆಲಸ ಮಾಡುತ್ತಿತ್ತು. ತಂಪುಗೊಳಿಸಿದ ರಕ್ತವನ್ನು ಹರಿಸಿ, ಹಸಿದ ಜೀವಕೋಶಗಳಿಗೆ ಆಮ್ಲಜನಕ ಉಣಿಸಿ, ನಿಂತ ಹೃದಯವನ್ನು ಅದು ಮೆಲ್ಲಗೆ ಎಬ್ಬಿಸುತ್ತಿತ್ತು. ೨೦೫೮ರ ಆ ಮಧ್ಯಾಹ್ನ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ, ಬೆಳಿಗ್ಗೆ ಹಾವು ಕಚ್ಚಿ ಸತ್ತಿದ್ದ ಸಾವಂತ್ರೆವ್ವ ಕಣ್ಣು ಬಿಟ್ಟು ನೀರು ಕೇಳಿದಳು. ಯಂತ್ರ ಕಟ್ಟಿದ ಡಾಕ್ಟರ್ ಗಂಗಾಂಬಿಕಾ ಹೂಗಾರ ಹೆಮ್ಮೆಯಿಂದ ಬೀಗಿದರು. ಬೀಗಲಿ ಬಿಡಿ, ಸಾವು ಹಿಂದೆ ಸರಿದಿತ್ತು, ಅದೂ ನಮ್ಮ ಹುಬ್ಬಳ್ಳಿಯಲ್ಲಿ!

ಆದರೆ ಸಾವಂತ್ರೆವ್ವನ ಗಂಡ ಫಕೀರಪ್ಪ ಕೋಣೆಯ ಬಾಗಿಲು ದಾಟಲಿಲ್ಲ.

“ಮಣ್ಣ ಕೊಡಾಕ ಕುಣಿ ತೋಡೇವ್ರಿ. ಸತ್ತಾಕಿ ಸತ್ಲು. ಎದ್ದಿದ್ದು ಯಾವ ದೆವ್ವಾನೋ! ಮನ್ಯಾಗ ಸಣ್ಣ ಹುಡುಗ್ರದಾವ, ನಾ ಕರ್ಕೊಂಡು ಹೋಗಂಗಿಲ್ಲ.”

ಸಾವಂತ್ರೆವ್ವನಿಗೆ ಅದು ಕೇಳಿಸಿತು. ಗೋಡೆ ಕಡೆ ಮುಖ ತಿರುಗಿಸಿದಳು.

“ನಮ್ಮ ಕೆಲಸ ಮುಗೀತು ಮೇಡಂ. ಮನೀ ಜಗಳ ನಮಗ್ಯಾಕ?” ಎಂದರು ಜೊತೆಗಾರ ಡಾಕ್ಟರ್ ಇನಾಮದಾರ.

ಅಜ್ಜ ತೋರಿಸುತ್ತಿದ್ದ, ಹೆಣಕ್ಕೆ ಜೀವ ತುಂಬುವ ವಿಜ್ಞಾನಿಯ ಕಪ್ಪುಬಿಳುಪಿನ ರಾಕ್ಷಸ ಸಿನಿಮಾಗಳು ಗಂಗಾಂಬಿಕಾರಿಗೆ ನೆನಪಾದವು. “ಆ ಸಿನಿಮಾದಾಗೆಲ್ಲಾ ಜೀವಾ ಕೊಟ್ಟಿದ್ದು ತಪ್ಪಲ್ರಿ. ಕೊಟ್ಟಾಂವ ಕೈ ತೊಳಕೊಂಡು ಹೋದ. ಒಂದು ಹೆಸರು ಸೈತ ಇಡ್ಲಿಲ್ಲ. ಅದಕ್ಕ ಅದು ರಾಕ್ಷಸ ಆತು.”

ಅವರು ಹೊರಗೆ ಬಂದು ಕೇಳಿದರು: “ಈಕಿಗೆ ಹೆಸರಿಟ್ಟಾಕಿ ಯಾರು?”

ಸೋದರತ್ತೆ ನೀಲವ್ವ ಎದ್ದು ನಿಂತಳು. “ನಾನ್ರಿ.”

“ಇನ್ನೊಮ್ಮೆ ಇಡ್ತೀರೇನು?”

ಮುದುಕಿ ಯೋಚಿಸಿದಳು. “ಯಾಕ ಇಡಬಾರ್ದು? ಸತ್ತು ಹುಟ್ಟಿದ್ರ ಹೊಸಾ ಕೂಸ ಆತಲ್ರಿ.”

ಅವಳು ಒಳಗೆ ಬಂದು ಹಾಸಿಗೆಯ ಮೇಲೆ ಬಾಗಿ, ತೊಟ್ಟಿಲ ಕೂಸಿಗೆ ಹೆಸರಿಡುವಾಗ ಮಾಡುವಂತೆ ಕಿವಿಯಲ್ಲಿ “ಕುರ್ರ್... ಸಾವಂತ್ರೆವ್ವಾ” ಎಂದಳು. ಆ ಹೊತ್ತಿಗೆ ಜೊತೆಗೆ ಬಂದ ಹೆಂಗಸರು ಅತ್ತೆಯ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಯಾರ ಕೈಯೂ ಏಳಲಿಲ್ಲ.

ಕೊನೆಗೆ ಸಾವಂತ್ರೆವ್ವನೇ ಕೈ ಎತ್ತಿ ಅತ್ತೆಯ ಬೆನ್ನಿಗೊಂದು ಬಿಟ್ಟಳು. “ಎಲ್ಲಾರೂ ಸತ್ತೀರೇನ? ಗುದ್ರಿ!”

ಫಕೀರಪ್ಪ ಹೊಸ್ತಿಲು ದಾಟಿಬಿಟ್ಟ. “ಅಯ್ಯ, ಈ ಬಾಯಿ, ಈ ಗುದ್ದು ನಮ್ಮಾಕಿದ ಐತ್ರಿ!” ಅಳುತ್ತ ಅಳುತ್ತಲೇ ನಕ್ಕ.

ಮುಂದೆ ಮರುಮಿಡಿತ ಯಂತ್ರ ದೇಶದೇಶಗಳಿಗೆ ಹೋಯಿತು. ಎಲ್ಲಿ ಕೂರಿಸಿದರೂ ಗಂಗಾಂಬಿಕಾ ಅದರ ಪಕ್ಕ ಒಂದು ತೊಟ್ಟಿಲು ಇಡಿಸುತ್ತಿದ್ದರು. ಯಂತ್ರಕ್ಕಿಂತ ಆ ತೊಟ್ಟಿಲ ಬಗ್ಗೆಯೇ ಅವರಿಗೆ ಹೆಮ್ಮೆ ಹೆಚ್ಚು.

ನಮ್ಮ ಕಾಲಕ್ಕೆ ಆ ಯಂತ್ರ ಇನ್ನೂ ಬಂದಿಲ್ಲ. ಆದರೆ ರೋಗ ಗೆದ್ದು ಸಾವಿನ ಬಾಯಿಂದ ಮರಳಿದವರು, ನಾವು ಅಂಜಿ ದೂರ ಇಟ್ಟವರು, ಇವತ್ತೂ ನಮ್ಮ ಓಣಿಯಲ್ಲಿದ್ದಾರೆ. ಅವರನ್ನು ಹೆಸರು ಹಿಡಿದು ಒಳಗೆ ಕರೆಯಲು ಯಾವ ಯಂತ್ರವೂ ಬೇಕಿಲ್ಲ.