ಟೈರು ಎಳೆದ ದಾರಿ

ಮರುಭೂಮಿಯ ನಮ್ಮ ರಾಷ್ಟ್ರೀಯ ಉದ್ಯಾನದಲ್ಲಿ ಯಾರಾದರೂ ಕಳೆದುಹೋದರೆ ನಾವು ರೇಂಜರುಗಳು ಟ್ರಕ್ಕಿನ ಹಿಂದೆ ಹಳೇ ಟೈರು ಕಟ್ಟಿ ಎಳೆದು ಮಣ್ಣುದಾರಿಯನ್ನು ನುಣ್ಣಗೆ ಮಾಡುತ್ತೇವೆ. ಆಮೇಲೆ ನಡೆದವರ ಹೆಜ್ಜೆ ಅದರ ಮೇಲೆ ಮೂಡುತ್ತದೆ.

ಪಾಳುಬಿದ್ದ ಬೆಳ್ಳಿಗಣಿ ನೋಡಲು ಹೋದ ಹೆಂಗಸೊಬ್ಬಳು ಕಾಣೆಯಾಗಿ ಎರಡು ದಿನವಾಗಿತ್ತು. ಮಟಮಟ ಮಧ್ಯಾಹ್ನ ನಾನೂ ವೆಂಡೆಲನೂ ಗಣಿಯವರೆಗೆ ಟೈರು ಎಳೆದು ಇಳಿದೆವು. ತಿರುಗಿ ನೋಡಿದರೆ ಟೈರಿನ ಗೆರೆಗಳ ಮೇಲೆ ಬರಿಗಾಲಿನ ಹೆಜ್ಜೆಗಳು ಗಣಿಯಿಂದ ದೂರಕ್ಕೆ ಸಾಗಿದ್ದವು.

"ಈಗ ತಾನೆ ಎಳೆದ್ವಲ್ಲೋ!" ಎಂದೆ.

"ಜೀವಂತ ಇದಾಳೆ ಕಣೇ ಲೊರೆಟಾ, ಟ್ರಕ್ಕು ಹತ್ತು ಬೇಗ!" ಎಂದ ವೆಂಡೆಲ್.

ಬಗ್ಗಿ ಒಂದು ಹೆಜ್ಜೆ ಮುಟ್ಟಿದೆ. ಕಾದ ಹೆಂಚಿನಂಥ ನೆಲದಲ್ಲಿ ಅದೊಂದು ತಣ್ಣಗಿತ್ತು. ಗಣಿಯೊಳಗೆ ಇಣುಕದೆ ಹೊರಟೆವು. ಒಂಬತ್ತು ಮೈಲಿಯಾಚೆ, ದಾರಿಯ ನಡುವೆಯೇ ಹೆಜ್ಜೆಗಳು ನಿಂತುಹೋದವು.

ಮರುದಿನ ಆಕೆ ಗಣಿಯ ಬಾಯೊಳಗೇ ಸಿಕ್ಕಳು. ಸತ್ತು ಕೆಲವೇ ಗಂಟೆಯಾಗಿತ್ತು ಎಂದರು ಡಾಕ್ಟರು. ಕಾಲಲ್ಲಿ ಬೂಟುಗಳಿದ್ದವು, ಲೇಸು ಬಿಗಿದಂತೆಯೇ ಇತ್ತು.