ಇಪ್ಪತ್ನಾಲ್ಕು ನಿಮಿಷದ ಲೆಕ್ಕ

"ಎಲ್ಲೇ ನಿಮ್ಮಪ್ಪ? ವಿಮಾನ ತಳ್ಕೊಂಡು ಬರ್ತಿದಾರಾ?"

ಹಿಂದಿನ ಬೆಂಚಿನ ಹುಡುಗ ಕೇಳಿದ್ದೇ ತಡ, ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ಕ್ಯಾಲ್ಕುಲೇಟರ್ ಮಾತ್ರ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಬಾಯಿಲೆಕ್ಕದಲ್ಲಿ ಅವಳನ್ನು ಮೀರಿಸುವವರಿಲ್ಲ, ಅದಕ್ಕೇ ಆ ಅಡ್ಡಹೆಸರು. ಇವತ್ತು ಮಕ್ಕಳ ಅಪ್ಪ ಅಮ್ಮಂದಿರು ಬಂದು ತಮ್ಮ ಕೆಲಸದ ಬಗ್ಗೆ ಹೇಳುವ ದಿನ. ಒಬ್ಬರು ಬೇಕರಿಯವರು, ಒಬ್ಬರು ನರ್ಸ್, ಎಲ್ಲರೂ ಮಾತಾಡಿ ಹೋಗಿಯಾಗಿತ್ತು. ಮೂರೂವರೆಗೆ ಅವಳ ಅಪ್ಪ ಬರಬೇಕಿತ್ತು. ಈಗ ಗಂಟೆ ನಾಲ್ಕು.

ಅಪ್ಪ ವಿಮಾನದ ಮೆಕ್ಯಾನಿಕ್. ಬೆಳಿಗ್ಗೆ ಇನ್ನೊಂದು ಊರಿನ ಪುಟ್ಟ ವಿಮಾನ ನಿಲ್ದಾಣಕ್ಕೆ ಹೋಗಿ, ಮೂರು ಗಂಟೆಯ ವಿಮಾನದಲ್ಲಿ ವಾಪಸ್ಸು ಬರುತ್ತಾರೆ. ಇಲ್ಲಿನ ನಿಲ್ದಾಣವೂ ಪುಟ್ಟದೇ, ಶಾಲೆಯ ಕಾಂಪೌಂಡಿನ ಆಚೆಗೇ ಇದೆ.

"ಬರೋಕೆ ಮುಕ್ಕಾಲು ಗಂಟೆ ಬೇಕು ಪುಟ್ಟಿ" ಎಂದು ಅಪ್ಪ ಹೇಳಿದ್ದರು. ಇವಳು ಕೇಳಬೇಕಲ್ಲ! ದೂರ ಇನ್ನೂರು ಕಿಲೋಮೀಟರ್, ವೇಗ ಗಂಟೆಗೆ ಐನೂರು. "ಇಪ್ಪತ್ನಾಲ್ಕೇ ನಿಮಿಷ, ಮಿಸ್!" ಎಂದು ಟೀಚರಿಗೆ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿ, ಮೂರೂವರೆಯ ಟೈಮೇ ಬರೆಸಿದ್ದಳು.

ಆದರೆ ಅಪ್ಪ ಹೇಳಿದ ಮುಕ್ಕಾಲು ಗಂಟೆಯೂ ಕಳೆದುಹೋಗಿತ್ತು. ಮರೆತೇಬಿಟ್ಟರಾ? ಅವಳ ಕಣ್ಣು ತುಂಬಿ ಬಂತು.

ನಾಲ್ಕು ಹತ್ತಕ್ಕೆ ಅಪ್ಪ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು. ಎರಡೂ ಕೈ ಮಸಿ ಮಸಿ.

"ಐದೇ ನಿಮಿಷ ಉಳಿದಿದೆ ಸರ್" ಎಂದರು ಟೀಚರ್.

ಅಪ್ಪ ಬೋರ್ಡಿನ ಕಡೆ ನೋಡಿದರು. "ಲೆಕ್ಕ ಏನೋ ಸರಿಯಾಗೇ ಇದೆ. ಆದ್ರೆ ವಿಮಾನ ನಿಂತಲ್ಲಿಂದ್ಲೇ ಅಷ್ಟು ಸ್ಪೀಡಾಗಿ ಹೊರಡಲ್ಲ. ಮೆಲ್ಲಗೆ ರನ್‌ವೇಗೆ ಹೋಗ್ಬೇಕು, ಮೇಲೆ ಏರ್ಬೇಕು, ಇಳಿಯೋವಾಗ ಮತ್ತೆ ನಿಧಾನ. ಇಳಿದ ಮೇಲೆ ನನ್ನ ಕೆಲಸ ಶುರು. ಸುತ್ತ ಒಂದು ರೌಂಡ್ ಹಾಕಿ ಟೈರ್ ಮುಟ್ಟಿ ನೋಡ್ತೀನಿ."

"ಕಣ್ಣಲ್ಲಿ ನೋಡಿದ್ರೆ ಸಾಲ್ದಾ ಅಂಕಲ್?" ಹಿಂದಿನ ಬೆಂಚಿನ ಹುಡುಗ ಕೇಳಿದ.

"ಇವತ್ತು ಕಣ್ಣಿಗೆ ಕಾಣ್ಲಿಲ್ಲ, ಕೈಗೆ ಸಿಕ್ತು. ಟೈರಿನ ಒಳಮಗ್ಗುಲಲ್ಲಿ ಬೆರಳುದ್ದ ಸೀಳು. ಅದನ್ನ ಬದಲಾಯಿಸಿ ನಾನು ಸೈನ್ ಹಾಕೋ ತನಕ ವಿಮಾನ ವಾಪಸ್ ಹೊರಡೋ ಹಾಗಿರ್ಲಿಲ್ಲ. ನಲವತ್ತು ಜನ ಕಾಯ್ತಾ ಇದ್ರು." ಅಪ್ಪ ಮಗಳ ಕಡೆ ತಿರುಗಿದರು. "ಇಲ್ಲೊಬ್ಳು ಕಾಯ್ತಾ ಇರ್ತಾಳೆ ಅಂತಾನೂ ಗೊತ್ತಿತ್ತು ಪುಟ್ಟಿ."

ಬೆಲ್ ಹೊಡೆಯಿತು.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಗುಡುಗಿದಂತೆ ಸದ್ದಾಯಿತು. ಮಕ್ಕಳೆಲ್ಲ ಕಿಟಕಿಗೆ ಮುತ್ತಿಕೊಂಡರು. ವಿಮಾನ ಶಾಲೆಯ ಮೇಲೆ ಹಾದು ಹೋಯಿತು. ಅದರ ಹೊಟ್ಟೆಯೊಳಗೆ ಚಕ್ರಗಳು ಮಡಚಿಕೊಳ್ಳುತ್ತಿದ್ದವು.

"ಏ ಕ್ಯಾಲ್ಕುಲೇಟರ್, ಇದು ಎಷ್ಟು ನಿಮಿಷಕ್ಕೆ ತಲುಪುತ್ತೆ?" ಹಿಂದಿನ ಬೆಂಚಿನ ಹುಡುಗ ಕೇಳಿದ.

ಅವಳು ಅಪ್ಪನ ಮಸಿ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮುಕ್ಕಾಲು ಗಂಟೆ" ಎಂದಳು. "ಅಲ್ಲಿರೋ ಮೆಕ್ಯಾನಿಕ್ ಮನೆಗೆ ಹೋಗೋದು ಇನ್ನೂ ಲೇಟಾಗುತ್ತೆ."